ಬಿಸಿಗಾಳಿ ಮತ್ತು ವೃದ್ಧರ ಆರೋಗ್ಯ: ಫ್ರಾನ್ಸ್, 2003

ಫ್ರಾನ್ಸ್‌ನಲ್ಲಿ 2003ರ ಆಗಸ್ಟ್ 1ರಿಂದ 20ರವರೆಗೆ ಬಿಸಿಗಾಳಿಯಿಂದ ವಾಡಿಕೆಗಿಂತ ಸುಮಾರು 15,000 ಮಂದಿ ಹೆಚ್ಚು ಸತ್ತರು. ಇವರಲ್ಲಿ ಶೇ 80ರಷ್ಟು ಜನ 75 ದಾಟಿದವರು. ಹವಾಮಾನವನ್ನು ವೃದ್ಧರ ಆರೋಗ್ಯದ ಪ್ರಶ್ನೆಯಾಗಿ ಯುರೋಪಿನ ಸರ್ಕಾರಗಳು ಗಂಭೀರವಾಗಿ ನೋಡತೊಡಗಿದ್ದು ಈ ದುರಂತದ ನಂತರ.

ಪ್ಯಾರಿಸ್‌ನಲ್ಲಿ ಆಗಸ್ಟ್ 12ರಂದು ತಾಪಮಾನ 39 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಕಲಬುರಗಿ, ರಾಯಚೂರಿನವರಿಗೆ ಇದು ಮಾಮೂಲಿ ಬೇಸಿಗೆ. ಆದರೆ ಪ್ಯಾರಿಸ್ಸಿನ ಮನೆಗಳನ್ನು ಕಟ್ಟಿದ್ದು ಚಳಿಗಾಲವನ್ನು ಎದುರಿಸಲು. ಸತುವಿನ ತಗಡು ಹೊದಿಸಿದ ಮಾಡಿನ ಕೆಳಗೆ, ಕೊನೆಯ ಮಹಡಿಯ ಪುಟ್ಟ ಕೋಣೆಗಳಲ್ಲಿ ಮಲಗುತ್ತಿದ್ದ ವೃದ್ಧರಿಗೆ ಅಪಾಯ ಹೆಚ್ಚಿತ್ತೆಂದು ನಂತರದ ಅಧ್ಯಯನಗಳು ತೋರಿಸಿದವು. ರಾತ್ರಿಯೂ ತಂಪಾಗದ ಕಾರಣ ದೇಹಕ್ಕೆ ಬಿಡುವೇ ಸಿಗಲಿಲ್ಲ. ವಯಸ್ಸಾದಂತೆ ಬೆವರುವುದು ಕಡಿಮೆಯಾಗುತ್ತದೆ; ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸಬೇಕಾದ ಹೃದಯ ದಣಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಇದ್ದ ನೀರನ್ನೂ ಹೊರಹಾಕುತ್ತವೆ.

ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು, ನೆರೆಹೊರೆಯವರು, ಎಷ್ಟೋ ವೈದ್ಯರು ಊರಲ್ಲಿರಲಿಲ್ಲ. ತುರ್ತುಚಿಕಿತ್ಸಾ ವೈದ್ಯರ ಮುಖಂಡ ಪ್ಯಾಟ್ರಿಕ್ ಪೆಲೂ ಆಗಸ್ಟ್ 10ರಂದು ಎಚ್ಚರಿಸಿದರೂ ಆಡಳಿತ ತಡವಾಗಿ ಎದ್ದಿತು. ಆರೋಗ್ಯ ಇಲಾಖೆಯ ಮಹಾನಿರ್ದೇಶಕ ಲೂಸಿಯೆನ್ ಅಬೆನಾಯಿಮ್ 18ರಂದು ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 3ರಂದು, ವಾರಸುದಾರರೇ ಬಾರದ 57 ಶವಗಳನ್ನು ಪ್ಯಾರಿಸ್ ಬಳಿಯ ತಿಯೆ ಸ್ಮಶಾನದಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ಸಮ್ಮುಖದಲ್ಲಿ ಮಣ್ಣು ಮಾಡಲಾಯಿತು. ಸೆಖೆಯಷ್ಟೇ ಒಂಟಿತನವೂ ಇವರನ್ನು ಕೊಂದಿತೆನ್ನದೆ ವಿಧಿಯಿಲ್ಲ.

ಇದನ್ನು ತಡೆಯಬಹುದಿತ್ತು ಎನ್ನಲು ದಕ್ಷಿಣ ಫ್ರಾನ್ಸ್‌ನ ಮಾರ್ಸೆಯ ಉದಾಹರಣೆ ಇದೆ. 1983ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದಿದ್ದ ಆ ನಗರ ಬೇಸಿಗೆಯ ಎಚ್ಚರಿಕೆಗಳನ್ನು ಮೊದಲೇ ರೂಢಿಸಿಕೊಂಡಿತ್ತು. 2003ರ ಬಿಸಿಗಾಳಿಯಲ್ಲಿ ಪ್ಯಾರಿಸ್‌ನ ಸಾವುಗಳು ವಾಡಿಕೆಗಿಂತ ಶೇ 142ರಷ್ಟು ಏರಿದರೆ, ಮಾರ್ಸೆಯಲ್ಲಿ ಏರಿದ್ದು ಶೇ 25 ಮಾತ್ರ. ಅಲ್ಲಿನವರಿಗೆ ಸೆಖೆ ಮೊದಲಿನಿಂದಲೂ ಪರಿಚಿತ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2004ರಲ್ಲಿ ಫ್ರಾನ್ಸ್ ರಾಷ್ಟ್ರೀಯ ಬಿಸಿಗಾಳಿ ಯೋಜನೆಯನ್ನು ಜಾರಿಗೆ ತಂದಿತು. ಒಂಟಿಯಾಗಿರುವ ವೃದ್ಧರು ಹೆಸರು ಬರೆಸಲು ನಗರಸಭೆಗಳಲ್ಲಿ ಪಟ್ಟಿ ತೆರೆಯಲಾಯಿತು. ಸೆಖೆ ಏರಿದಾಗ ಅವರಿಗೆ ಫೋನ್ ಮಾಡಿ ವಿಚಾರಿಸುವ ಪದ್ಧತಿ ಬಂತು. 2006ರ ಜುಲೈನ ಬಿಸಿಗಾಳಿಯಲ್ಲಿ ಸುಮಾರು 2,000 ಹೆಚ್ಚುವರಿ ಸಾವುಗಳಾದವು. ಇದು ಹಿಂದಿನ ಅನುಭವದ ಮೇಲೆ ಅಂದಾಜಿಸಿದ್ದಕ್ಕಿಂತ ಸುಮಾರು 4,400 ಕಡಿಮೆ.