ಬೀಜೋಪಚಾರ

ಬೀಜ, ಉಪಚಾರ ಕೂಡಿ ಗುಣಸಂಧಿಯಾದ ಪದ. ಸಂಸ್ಕೃತದ 'ಉಪ–ಚರ್' ಎಂದರೆ ಹತ್ತಿರ ಹೋಗು, ಸೇವೆ ಮಾಡು. ಮನೆಗೆ ಬಂದವರಿಗೆ ಆದರೋಪಚಾರ, ದೇವರಿಗೆ ಷೋಡಶೋಪಚಾರ, ಮೂರ್ಛೆ ಹೋದವರಿಗೆ ಶೈತ್ಯೋಪಚಾರ. ಕೃಷಿಯ ಮಾತಿನಲ್ಲಿ ಬಿತ್ತುವ ಮುಂಚೆ ಕಾಳಿಗೆ ಮಾಡುವ ಆರೈಕೆ.

ಮಾನ್ವಿ, ದೇವದುರ್ಗ ಸೀಮೆಯಲ್ಲಿ ತೊಗರಿ ಬಿತ್ತುವವರಿಗೆ ಈ ಪದದ ಬೆಲೆ ಗೊತ್ತು. ಹೂ, ಕಾಯಿಯ ಹೊತ್ತಿಗೆ ಹಸಿರು ಗಿಡ ನಿಂತಲ್ಲೇ ಬಾಡಿ ಒಣಗುವುದು ನೆಟೆ ರೋಗ. ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆ: ಫ್ಯುಸೇರಿಯಂ ಉಡಂ ಎಂಬ ಮಣ್ಣಿನ ಶಿಲೀಂಧ್ರ ಬೇರಿನಿಂದ ಏರಿ ನೀರಿನ ನಾಳ ಕಟ್ಟಿಹಾಕಿರುತ್ತದೆ. ಆಮೇಲೆ ಎಷ್ಟು ಎಣ್ಣೆ ಹೊಡೆದರೂ ಆ ಗಿಡ ಉಳಿಯುವುದು ಕಷ್ಟ. ಅದಕ್ಕೇ ಉಪಚಾರ ಬೀಜದಿಂದಲೇ ಶುರುವಾಗಬೇಕು.

ಆರಿದ ಬೆಲ್ಲದ ನೀರು ಚಿಮುಕಿಸಿ, ಕಿಲೋ ಬೀಜಕ್ಕೆ 10 ಗ್ರಾಂ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಪುಡಿ ಲೇಪಿಸಿ, ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹರವಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಬದುಕಿದ್ದು ಬೇರಿನ ಸುತ್ತ ನೆಲೆಯೂರಿ, ಮಣ್ಣಿನ ಕಬ್ಬಿಣಾಂಶವನ್ನು ತಾನೇ ಹಿಡಿದುಕೊಂಡು ಶಿಲೀಂಧ್ರವನ್ನು ಸೊರಗಿಸುತ್ತದೆ. ರೈಜೋಬಿಯಂ ಲೇಪಿಸುವುದೂ ಬೀಜೋಪಚಾರವೇ. ಆದರೆ ಅದರ ಮುಖ್ಯ ಕೆಲಸ ಸಾರಜನಕ ಒದಗಿಸುವುದು.

'ಬೀಜ ಸಂಸ್ಕರಣೆ' ಬೇರೆ: ಅದು ಬೀಜ ಸೋಸಿ, ವಿಂಗಡಿಸಿ ಚೀಲ ತುಂಬುವ ಕೆಲಸ.