ಗುಳಿಗೆಯೊಳಗಣ ಗೋಧಿ

ಔಷಧಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ರೋಗವನ್ನು ಗುಣಪಡಿಸುವ ದ್ರವ್ಯದ ಚರಿತ್ರೆಯನ್ನೇ ಬರೆದಿದ್ದಾರೆ. ಆದರೆ ಗುಳಿಗೆಯಲ್ಲಿ ಆ ದ್ರವ್ಯವು ಅನೇಕ ವೇಳೆ ಅಲ್ಪಭಾಗ ಮಾತ್ರ. ಉಳಿದುದು ಅದಕ್ಕೆ ಆಕಾರವನ್ನೂ ಬಂಧವನ್ನೂ ಕೊಡುವ ಪೂರಕದ್ರವ್ಯ. ಇದು ಜಡವಾದುದೆಂಬ ನಂಬಿಕೆ ಹೇಗೆ ಶಿಥಿಲವಾಯಿತೆಂಬುದನ್ನು ಗೋಧಿಯ ನಿದರ್ಶನದಿಂದ ಪರಿಶೀಲಿಸುವುದೇ ನಮ್ಮ ಪ್ರಕೃತ ಉದ್ದೇಶ.

ಹಿಂದೆ ಯೂರೋಪಿನ ಔಷಧಗಾರರು ಗುಳಿಗೆಯನ್ನು ಕೈಯಿಂದಲೇ ಉರುಳಿಸುತ್ತಿದ್ದರು. ಮುದ್ದೆ ಕೂಡಿಬರಲೆಂದು ರೊಟ್ಟಿಯ ತಿರುಳನ್ನೋ ಹಿಟ್ಟನ್ನೋ ಬೆರೆಸುವುದುಂಟು. 1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಒತ್ತಿದ ಗುಳಿಗೆ ಹೊಟ್ಟೆಯಲ್ಲಿ ಅರಳಿ ಒಡೆಯಬೇಕಷ್ಟೆ. ಆ ಕಾರ್ಯಕ್ಕೆ ಪಿಷ್ಟವು ಒದಗಿಬಂದಿತು. ಮೆಕ್ಕೆಜೋಳ, ಆಲೂಗಡ್ಡೆ, ಗೋಧಿ ಇವುಗಳಲ್ಲಿ ಯಾವುದರ ಪಿಷ್ಟವಾದರೂ ಈ ಕೆಲಸಕ್ಕೆ ಸಲ್ಲುತ್ತಿತ್ತು.

ಇತ್ತ ಸೀಲಿಯಾಕ್ ರೋಗದ ಶೋಧ ಬೇರೊಂದು ದಾರಿಯಲ್ಲಿ ಸಾಗಿತ್ತು. 1888ರಲ್ಲಿ ಪ್ರಕಟವಾದ ಲೇಖನದಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಗೀ ಈ ರೋಗವನ್ನು ವರ್ಣಿಸಿ, ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಅಭಿಪ್ರಾಯಪಟ್ಟನು. ಯಾವ ಪಥ್ಯವೆಂಬುದನ್ನು ನಿಶ್ಚಯಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1944-45ರ ಕ್ಷಾಮದ ಚಳಿಗಾಲವೇ ಈ ಶೋಧಕ್ಕೆ ಕಾರಣವೆಂದು ಹೇಳುವ ರೂಢಿಯಿದೆ. ಆದರೆ ಡಿಕ್ಕೆ ಯುದ್ಧಕ್ಕೆ ಮೊದಲೇ ಗೋಧಿಯಿಲ್ಲದ ಪಥ್ಯವನ್ನು ಪರೀಕ್ಷಿಸುತ್ತಿದ್ದನೆಂಬುದನ್ನು ನಾವು ಮರೆಯಬಾರದು. ಅವನ ಪ್ರೌಢಪ್ರಬಂಧ 1950ರಲ್ಲಿ ಹೊರಬಂದಿತು. ಕೇಡು ಗೋಧಿಯ ಪಿಷ್ಟದಲ್ಲಿಲ್ಲ, ಅದರ ಅಂಟಾದ ಗ್ಲೂಟೆನ್‌ನಲ್ಲಿದೆಯೆಂದು 1952ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯರು ತೋರಿಸಿದರು.

ಹೀಗೆ ಪಿಷ್ಟವು ನಿರ್ದೋಷಿಯೆನಿಸಿತು. ಆದರೂ ಗೋಧಿಯಿಂದ ತೆಗೆದ ಪಿಷ್ಟದಲ್ಲಿ ಅಂಟಿನ ಲೇಶ ಉಳಿಯಬಹುದು. ಲೇಬಲಿನಲ್ಲಿ ಬರಿಯ 'ಪಿಷ್ಟ' ಎಂದಿದ್ದರೆ ಅದರ ಮೂಲ ರೋಗಿಗೆ ತಿಳಿಯದು. ಶಾಸನವೂ ಇಲ್ಲಿ ತಡವಾಯಿತು. ಅಮೆರಿಕದ 2004ರ ಅಲರ್ಜಿಕಾರಕಗಳ ಲೇಬಲ್ ಕಾನೂನು ಆಹಾರಕ್ಕೆ ಅನ್ವಯಿಸಿತೇ ಹೊರತು ಔಷಧಕ್ಕಲ್ಲ. ಔಷಧಗಳಲ್ಲಿನ ಗ್ಲೂಟೆನ್ ಬಗೆಗೆ ಅಲ್ಲಿನ ನಿಯಂತ್ರಣ ಸಂಸ್ಥೆ ಕರಡು ಮಾರ್ಗಸೂಚಿಯನ್ನು ಪ್ರಕಟಿಸಿದ್ದು 2017ರಲ್ಲಿ. ನುಂಗುವ ಔಷಧಗಳಲ್ಲಿ ಗೋಧಿಪಿಷ್ಟವುಳ್ಳವು ಅತಿ ವಿರಳವೆಂದೂ, ಪೂರಕದ್ರವ್ಯದಿಂದ ಬರಬಹುದಾದ ಗ್ಲೂಟೆನ್ ಒಂದು ಗುಳಿಗೆಗೆ 0.5 ಮಿಲಿಗ್ರಾಮಿಗಿಂತ ಕಡಿಮೆಯೆಂದೂ ಅದು ಅಂದಾಜು ಮಾಡಿತು. ಗ್ಲೂಟೆನ್‌ರಹಿತವೆಂಬ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮ್ ಎಂಬ ಮಿತಿಯಿರುವುದರಿಂದ, 30 ಗ್ರಾಂ ಆಹಾರದಲ್ಲಿ 0.6 ಮಿಲಿಗ್ರಾಮಿನವರೆಗೆ ಇರಬಹುದು. ಹೋಲಿಕೆಗೆ ಇಷ್ಟು ಸಾಕು.

ಈ ಚರಿತ್ರೆಯಿಂದ ಎರಡು ಎಚ್ಚರಿಕೆಗಳು ಹೊರಡುತ್ತವೆ. ಪೂರಕದ್ರವ್ಯವು ಜಡವೆಂದು ರೋಗಿಯ ಪ್ರಶ್ನೆಯನ್ನು ತಳ್ಳಿಹಾಕುವುದು ಸಲ್ಲದು: ಒಂದೇ ಔಷಧವನ್ನು ಇಬ್ಬರು ತಯಾರಕರು ಬೇರೆ ಬೇರೆ ಪಿಷ್ಟಗಳಿಂದ ಮಾಡಬಹುದಾದುದರಿಂದ, ತಯಾರಕರು ಬದಲಾದಾಗಲೆಲ್ಲ ಪಿಷ್ಟದ ಮೂಲವನ್ನು ಔಷಧ ವ್ಯಾಪಾರಿಯಲ್ಲಿ ಅಥವಾ ತಯಾರಕರಲ್ಲಿ ವಿಚಾರಿಸುವುದು ನ್ಯಾಯವೇ. ಆದರೆ ಲೇಶದ ಶಂಕೆಯಿಂದ, ವೈದ್ಯರನ್ನು ಕೇಳದೆ, ಪ್ರಾಣರಕ್ಷಕವಾದ ಗುಳಿಗೆಯನ್ನೇ ತೊರೆಯುವುದು ಅದಕ್ಕಿಂತ ದೊಡ್ಡ ಅಪಾಯ. ಗೋಧಿಯ ದೋಷ ತಿಳಿದು ಏಳು ದಶಕಗಳೇ ಕಳೆದಿವೆ. ಗುಳಿಗೆಯ ಪಿಷ್ಟ ಯಾವ ಧಾನ್ಯದ್ದೆಂದು ಲೇಬಲಿನ ಮೇಲೆ ಬರೆದರೆ ಈ ಎರಡು ಅಪಾಯಗಳೂ ಬಹುಮಟ್ಟಿಗೆ ತಪ್ಪುತ್ತವೆಂಬುದು ನಮ್ಮ ಅಭಿಮತ.