ಟೆಲಿವಿಷನ್ನೂ ಹೆಡ್‌ಫೋನಿನ ಸಾಕೆಟ್ಟೂ: ಒಂದು ಚಾರಿತ್ರಿಕ ವಿವೇಚನೆ

ಈಚಿನ ತೆಳು ಟೆಲಿವಿಷನ್ ಯಂತ್ರಗಳಲ್ಲಿ ಅನೇಕವುಗಳಿಗೆ ಹೆಡ್‌ಫೋನಿನ ಸಾಕೆಟ್ಟು ಇಲ್ಲ. ಯಂತ್ರವನ್ನು ಕೊಂಡು ಮನೆಗೆ ತಂದ ಮೇಲೆಯೇ ಬಹುಮಂದಿಗೆ ಈ ಸಂಗತಿ ತಿಳಿಯುವುದು. ಹಿಂದಿನಿಂದಲೂ ಇದ್ದುದನ್ನು ತಯಾರಕರು ಈಗ ಕಿತ್ತುಹಾಕಿದ್ದಾರೆಂಬುದು ಸಾಮಾನ್ಯವಾದ ಅಭಿಪ್ರಾಯ. ಇದು ಅರ್ಧಮಾತ್ರ ಸತ್ಯವೆಂದು ನಮಗೆ ತೋರುತ್ತದೆ. ಟೆಲಿವಿಷನ್ನಿನ ಆರಂಭದ ದಶಕಗಳಲ್ಲಿಯೂ ಈ ಸಾಕೆಟ್ಟು ವಿರಳವಾಗಿಯೇ ಇತ್ತು. ನಡುವೆ ಕೆಲವು ಕಾಲ ಬಂದು ನಿಂತು, ಮತ್ತೆ ಮರೆಯಾಗುತ್ತಿದೆ. ಅದು ಬಂದುದಕ್ಕಾಗಲಿ ಹೋಗುತ್ತಿರುವುದಕ್ಕಾಗಲಿ ಕೇಳುವವನ ಅನುಕೂಲವು ಮುಖ್ಯ ಕಾರಣವಾಗಿರಲಿಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಒಬ್ಬೊಬ್ಬರೇ ಕಿವಿಗಿಟ್ಟು ಕೇಳುವ ಪದ್ಧತಿ ರೇಡಿಯೋ ಪ್ರಸಾರಕ್ಕಿಂತಲೂ ಹಳೆಯದು. ೧೮೮೧ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬಾತನು ಆಪೆರಾ ಮಂದಿರದ ರಂಗದ ಮೇಲೆ ಟೆಲಿಫೋನ್ ಪ್ರೇಷಕಗಳನ್ನಿರಿಸಿ, ಪ್ರದರ್ಶನಶಾಲೆಯಲ್ಲಿದ್ದವರಿಗೆ ತಂತಿಯ ಮೂಲಕ ಗಾಯನವನ್ನು ಕೇಳಿಸಿದನು. ಪ್ರತಿಯೊಬ್ಬ ಶ್ರೋತೃವೂ ಎರಡು ಕಿವಿಗಳಿಗೆ ಎರಡು ಗ್ರಾಹಕಗಳನ್ನು ಹಿಡಿದುಕೊಂಡು ಕೇಳಬೇಕಾಗಿತ್ತು. ಅನಂತರ ೧೯೧೦ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ನೇಥನಿಯಲ್ ಬಾಲ್ಡ್‌ವಿನ್ ಎಂಬಾತನು ತಲೆಗೆ ತೊಡುವ ಗ್ರಾಹಕಗಳನ್ನು ತಯಾರಿಸಿ ಆ ದೇಶದ ನೌಕಾಪಡೆಗೆ ಒದಗಿಸಿದನು. ಹರಳಿನ ರೇಡಿಯೋ ಕೇಳುತ್ತಿದ್ದವರಿಗೆ ಹೆಡ್‌ಫೋನು ಅನಿವಾರ್ಯವೇ ಆಗಿತ್ತು. ಧ್ವನಿವರ್ಧಕವು ಮನೆಯನ್ನು ಹೊಕ್ಕ ಮೇಲೆ ಕೇಳುವುದು ಕುಟುಂಬದ ಸಮಷ್ಟಿ ವ್ಯವಹಾರವಾಯಿತು. ೧೯೩೬ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಬಿ.ಬಿ.ಸಿ.ಯ ಟೆಲಿವಿಷನ್ ಸೇವೆ ಆರಂಭವಾದಾಗ ಈ ಪರಿವರ್ತನೆ ಮುಗಿದುಹೋಗಿತ್ತು. ಹೀಗೆ ಟೆಲಿವಿಷನ್ ಧ್ವನಿವರ್ಧಕದೊಡನೆಯೇ ಹುಟ್ಟಿದ ಯಂತ್ರ.

ಸಾಕೆಟ್ಟಿನ ವಂಶಾವಳಿ ಬೇರೆ. ಅದರ ತವರು ಟೆಲಿಫೋನ್ ವಿನಿಮಯ ಕೇಂದ್ರ. ೧೮೭೮ರ ಸುಮಾರಿನಲ್ಲಿ ಅಮೆರಿಕದ ಚಾರ್ಲ್ಸ್ ಸ್ಕ್ರಿಬ್ನರ್ ಎಂಬಾತನು ವಿನಿಮಯ ಹಲಗೆಗಾಗಿ ರಚಿಸಿದ ಸಾಧನವು ಮಡಿಸುವ ಚಾಕುವನ್ನು ಹೋಲುತ್ತಿದ್ದುದರಿಂದ ಅದಕ್ಕೆ ಜ್ಯಾಕ್‌ನೈಫ್ ಎಂದೂ, ಸಂಕ್ಷೇಪವಾಗಿ ಜ್ಯಾಕ್ ಎಂದೂ ಹೆಸರಾಯಿತು. ಪಿನ್ನು ಒಳಹೊಕ್ಕೊಡನೆ ಒಂದು ಲೋಹದ ಪಟ್ಟಿಯು ಸರಿದು ಹಿಂದಿನ ಸಂಪರ್ಕವನ್ನು ಕಡಿಯುವುದು ಅದರ ವೈಶಿಷ್ಟ್ಯ. ಈ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ರೇಡಿಯೋ ಅಥವಾ ಟೆಲಿವಿಷನ್ನಿಗೆ ಹೆಡ್‌ಫೋನನ್ನು ಚುಚ್ಚಿದರೆ ಧ್ವನಿವರ್ಧಕವು ಮೌನವಾಗುತ್ತಿದ್ದುದು ಈ ವಿನಿಮಯ ಹಲಗೆಯ ಆನುವಂಶಿಕ ಗುಣದಿಂದಲೇ.

ಹಾಗಾದರೆ ಹಳೆಯ ಟೆಲಿವಿಷನ್ನುಗಳಲ್ಲಿ ಈ ಸುಲಭವಾದ ಸಾಧನವನ್ನು ಏಕೆ ಇಡಲಿಲ್ಲ? ಧ್ವನಿವರ್ಧಕದ ರೂಢಿಯೊಂದೇ ಇದಕ್ಕೆ ಉತ್ತರವಲ್ಲ. ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಬಹುಸಂಖ್ಯೆಯ ಯಂತ್ರಗಳಲ್ಲಿ ವಿದ್ಯುತ್ ಸರಬರಾಯಿಗೆ ಟ್ರಾನ್ಸ್‌ಫಾರ್ಮರನ್ನೇ ಅಳವಡಿಸುತ್ತಿರಲಿಲ್ಲ. ಕೆಲವು ಊರುಗಳಲ್ಲಿ ಆಗಿನ್ನೂ ಡಿ.ಸಿ. ವಿದ್ಯುತ್ತು ಇತ್ತು, ಎರಡು ಬಗೆಯ ವಿದ್ಯುತ್ತಿಗೂ ಒಗ್ಗುವ ಯಂತ್ರ ಬೇಕಾಗಿತ್ತು, ಭಾರವಾದ ಟ್ರಾನ್ಸ್‌ಫಾರ್ಮರಿನ ಬೆಲೆಯೂ ಉಳಿಯುತ್ತಿತ್ತು. ಇದರ ಪರಿಣಾಮವಾಗಿ ಯಂತ್ರದ ಒಳಗಿನ ಲೋಹದ ಚೌಕಟ್ಟು ನೇರವಾಗಿ ಮನೆಯ ವಿದ್ಯುತ್ ತಂತಿಗೇ ಸೇರಿಕೊಂಡಿರುತ್ತಿತ್ತು. ಗೋಡೆಯ ಪ್ಲಗ್ಗನ್ನು ತಿರುಗುಮುರುಗಾಗಿ ಜೋಡಿಸಿದ್ದರೆ ಇಡೀ ಚೌಕಟ್ಟಿನಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಮರದ ಪೆಟ್ಟಿಗೆ, ವಿದ್ಯುನ್ನಿರೋಧಕವಾದ ಗುಂಡಿಗಳು, ಇವೇ ಮನೆಯವರಿಗೆ ರಕ್ಷೆ. ಅಂಥ ಯಂತ್ರದಿಂದ ಒಂದು ತಂತಿಯನ್ನೆಳೆದು ಕಿವಿಗೆ ಕಟ್ಟಿಕೊಳ್ಳುವುದೆಂದರೆ ಪ್ರಾಣದೊಡನೆ ಆಟವೇ ಸರಿ. ಅದಕ್ಕೆಂದೇ ಬೇರೊಂದು ಪ್ರತ್ಯೇಕಕ ಟ್ರಾನ್ಸ್‌ಫಾರ್ಮರನ್ನು ನಡುವೆ ಇಡಬೇಕಾಗುತ್ತಿತ್ತು. ಇಂದು ಸಾಕೆಟ್ಟಿಲ್ಲದ ಟೆಲಿವಿಷನ್ನಿಗೆ ಪುಟ್ಟ ಪ್ರೇಷಕವನ್ನು ಸೇರಿಸಲು ಪರದಾಡುವವರಿಗೆ ತಮ್ಮ ಪೂರ್ವಿಕರ ಈ ಅವಸ್ಥೆ ತಿಳಿದಿರುವುದು ಒಳ್ಳೆಯದು.

ಈ ಕಟ್ಟು ಸಡಿಲಿದುದು ವೀಡಿಯೋ ರೆಕಾರ್ಡರಿನಿಂದ. ಹೊರಗಿನ ಯಂತ್ರಗಳನ್ನು ಟೆಲಿವಿಷನ್ನಿಗೆ ಜೋಡಿಸಬೇಕಾಗಿ ಬಂದಾಗ ಚೌಕಟ್ಟನ್ನು ಮನೆಯ ವಿದ್ಯುತ್ತಿನಿಂದ ಬೇರ್ಪಡಿಸದೆ ಗತಿಯಿರಲಿಲ್ಲ. ೧೯೭೦ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಇಪ್ಪತ್ತೊಂದು ಸಂಪರ್ಕಗಳ ಸ್ಕಾರ್ಟ್ ಸಾಕೆಟ್ಟು ಈ ಕಾಲದ್ದು. ಒಮ್ಮೆ ಚೌಕಟ್ಟು ನಿರಪಾಯವಾದ ಮೇಲೆ ಹೆಡ್‌ಫೋನಿನ ಕಿಂಡಿಯನ್ನು ಕೊರೆಯಲು ವಿಶೇಷ ಖರ್ಚೇನೂ ಇರಲಿಲ್ಲ. ೧೯೭೯ರ ಜುಲೈಯಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಹೊರಬಂದು ಮೂರೂವರೆ ಮಿಲಿಮೀಟರಿನ ಪಿನ್ನನ್ನು ಮನೆಮಾತಾಗಿಸಿತು. (ಆ ಮೊದಲ ವಾಕ್‌ಮನ್ನಿನಲ್ಲಿ ಇಬ್ಬರು ಕೇಳಲೆಂದು ಎರಡು ಸಾಕೆಟ್ಟುಗಳಿದ್ದುವು, ಈ ಸೌಜನ್ಯವನ್ನು ಟೆಲಿವಿಷನ್ ತಯಾರಕರು ಅಷ್ಟಾಗಿ ಅನುಸರಿಸಲಿಲ್ಲ.)

ಮರೆಯಾದ ಕಥೆಯನ್ನು ಬೇಗನೆ ಹೇಳಬಹುದು. ಪರದೆ ತೆಳುವಾಯಿತು, ಧ್ವನಿ ಅಂಕಿಗಳ ರೂಪ ತಾಳಿತು. ತೋಷಿಬಾ ಸಂಸ್ಥೆ ೧೯೮೩ರಲ್ಲಿ ತಂದ ಬೆಳಕಿನ ತಂತಿಯ ಸಾಕೆಟ್ಟು, ೨೦೦೨ರಲ್ಲಿ ನಿಶ್ಚಿತವಾದ ಎಚ್.ಡಿ.ಎಂ.ಐ., ೨೦೦೯ರಲ್ಲಿ ಅದಕ್ಕೆ ಸೇರಿದ ಧ್ವನಿ ಹಿಂದಿರುಗಿಸುವ ಏರ್ಪಾಡು, ಇವು ಧ್ವನಿಯ ಹೊಸ ಬಾಗಿಲುಗಳಾದುವು. ೨೦೧೬ರಲ್ಲಿ ಆಪಲ್ ಸಂಸ್ಥೆ ತನ್ನ ಐಫೋನ್ ೭ರಿಂದ ಹಳೆಯ ಕಿಂಡಿಯನ್ನು ತೆಗೆದ ಬಳಿಕ ತಂತಿಯಿಲ್ಲದ ಹೆಡ್‌ಫೋನೇ ಸಹಜವೆಂಬ ಭಾವನೆ ಬಲವಾಯಿತು.

ಈಗ ಸಾಕೆಟ್ಟಿಲ್ಲದ ಯಂತ್ರದಿಂದ ಧ್ವನಿಯನ್ನು ಹೊರತರುವ ಬಗೆ ಹೀಗಿದೆ. ಯಂತ್ರದಲ್ಲಿಯೇ ಬ್ಲೂಟೂತ್ ಇದ್ದರೆ ಅದೇ ನೇರವಾದ ದಾರಿ. ಇಲ್ಲದಿದ್ದರೆ ಬೆಳಕಿನ ತಂತಿಯ ಸಾಕೆಟ್ಟಿಗೋ, ಕೆಂಪು ಬಿಳಿ ಬಣ್ಣದ ಜೋಡಿ ಸಾಕೆಟ್ಟಿಗೋ ಒಂದು ಚಿಕ್ಕ ಬ್ಲೂಟೂತ್ ಪ್ರೇಷಕವನ್ನು ಜೋಡಿಸಬೇಕು. ಜೋಡಿಸಿದ ಮೇಲೂ ಕೆಲವೊಮ್ಮೆ ಏನೂ ಕೇಳಿಸುವುದಿಲ್ಲ. ಟೆಲಿವಿಷನ್ ಡಾಲ್ಬಿ ರೂಪದ ಧ್ವನಿಯನ್ನು ಕಳುಹಿಸುತ್ತಿದ್ದು, ಪ್ರೇಷಕಕ್ಕೆ ಪಿ.ಸಿ.ಎಂ. ಎಂಬ ಸರಳ ರೂಪ ಮಾತ್ರ ಅರ್ಥವಾಗುವುದು ಇದಕ್ಕೆ ಕಾರಣ; ಯಂತ್ರದ ಧ್ವನಿ ವ್ಯವಸ್ಥೆಯಲ್ಲಿ ಅದನ್ನು ಬದಲಾಯಿಸಿದರಾಯಿತು.

ಆದರೆ ಮೌನಕ್ಕಿಂತ ದೊಡ್ಡ ಕಷ್ಟ ವಿಳಂಬ. ನದಿಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇದು ಹೊಸದಲ್ಲ: ಬಟ್ಟೆ ಕಲ್ಲಿಗೆ ಬಿದ್ದುದು ಮೊದಲು ಕಾಣುತ್ತದೆ, ಏಟಿನ ಸದ್ದು ಆಮೇಲೆ ಬರುತ್ತದೆ. ನಾಲ್ವತ್ತು ಮೀಟರು ದೂರಕ್ಕೆ ಈ ಅಂತರ ಸೆಕೆಂಡಿನ ಸುಮಾರು ಎಂಟನೆಯ ಒಂದು ಭಾಗ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ೧೯೯೮ರ ಶಿಫಾರಸಿನಂತೆ ಧ್ವನಿ ಚಿತ್ರಕ್ಕಿಂತ ಸುಮಾರು ೧೨೫ ಮಿಲಿಸೆಕೆಂಡು ಹಿಂದೆ ಬಿದ್ದರೆ ನೋಡುವವರ ಗಮನಕ್ಕೆ ಬರುತ್ತದೆ. ಮುಂದಾದರೆ ೪೫ ಮಿಲಿಸೆಕೆಂಡೇ ಸಾಕು. ನಿಸರ್ಗದಲ್ಲಿ ಸದ್ದು ಎಂದೂ ದೃಶ್ಯಕ್ಕಿಂತ ಮೊದಲು ಬಾರದಿರುವುದೇ ಈ ತಾರತಮ್ಯಕ್ಕೆ ಕಾರಣವಾಗಿರಬೇಕು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ವಿಳಂಬವು ಅನೇಕ ವೇಳೆ ಈ ಮೊದಲ ಎಲ್ಲೆಯನ್ನು ದಾಟುತ್ತದೆ. ಇದು ತಂತಿಯಿಲ್ಲದ್ದರ ದೋಷವೆನ್ನಲಾಗದು. ಹಿಂದಿನ ಇನ್‌ಫ್ರಾರೆಡ್ ಹೆಡ್‌ಫೋನುಗಳಿಗೂ ತಂತಿಯಿರಲಿಲ್ಲ, ಗಮನಕ್ಕೆ ಬರುವ ವಿಳಂಬವೂ ಇರಲಿಲ್ಲ. ಧ್ವನಿಯನ್ನು ಸಂಕ್ಷೇಪಿಸಿ, ತುಣುಕುಗಳಾಗಿ ಕಳುಹಿಸಿ, ಕೂಡಿಟ್ಟು, ಮತ್ತೆ ಬಿಡಿಸುವುದರಲ್ಲಿ ಕಾಲ ಕಳೆಯುತ್ತದೆ. ಆಪ್ಟ್ಎಕ್ಸ್‌ನ ಅಲ್ಪವಿಳಂಬ ಪದ್ಧತಿ ಇದನ್ನು ಸುಮಾರು ೪೦ ಮಿಲಿಸೆಕೆಂಡಿಗೆ ಇಳಿಸುತ್ತದೆ. ಆದರೆ ಪ್ರೇಷಕದಲ್ಲಿಯೂ ಹೆಡ್‌ಫೋನಿನಲ್ಲಿಯೂ ಅದು ಇರಬೇಕು.

ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಶ್ರವಣಶಕ್ತಿ ಕುಂದಿದೆ. ಅವರು ಕಿವಿಯಿಂದ ಎಷ್ಟು ಕೇಳುವರೋ ಮಾತನಾಡುವವರ ತುಟಿಗಳಿಂದಲೂ ಅಷ್ಟೇ ಕೇಳುವರು. ತುಟಿಯೂ ಮಾತೂ ಬೇರೆಯಾದರೆ ಉಳಿದವರಿಗೆ ಕಿರಿಕಿರಿ, ಅವರಿಗೆ ಅರ್ಥನಾಶ. ವಾರ್ತೆಗಳ ವೇಳೆಗೆ ಧ್ವನಿವರ್ಧಕವನ್ನು ಅವರಿಗೆ ಸಾಕಾಗುವಷ್ಟು ಏರಿಸಿದರೆ ಮನೆಯ ಮಕ್ಕಳು ಓದುವಂತಿಲ್ಲ. ಹಳೆಯ ಸಾಕೆಟ್ಟಿದ್ದರೆ ವಿಳಂಬವಿಲ್ಲದೆ ಕೇಳುತ್ತಿದ್ದರು, ನಿಜ. ಆದರೆ ಪಿನ್ನು ಚುಚ್ಚಿದೊಡನೆ ಉಳಿದವರಿಗೆ ಟೆಲಿವಿಷನ್ ಮೂಕವಾಗುತ್ತಿತ್ತು. ಬೆಳಕಿನ ತಂತಿಯ ಸಾಕೆಟ್ಟಿಗೆ ಸ್ಕ್ರಿಬ್ನರನ ಆ ಗುಣವಿಲ್ಲ. ಅಲ್ಲಿಂದ ಧ್ವನಿ ಹೊರಟರೂ ಎಷ್ಟೋ ಯಂತ್ರಗಳಲ್ಲಿ ಧ್ವನಿವರ್ಧಕವೂ ನುಡಿಯುತ್ತಿರುತ್ತದೆ. ಹೆಡ್‌ಫೋನಿನ ಏರಿಳಿತ ಬೇರೆ, ಧ್ವನಿವರ್ಧಕದ್ದು ಬೇರೆ. ಅಲ್ಪವಿಳಂಬದ ಜೋಡಿಯೊಂದನ್ನು ಅಲ್ಲಿಗೆ ಸೇರಿಸಿದ ಮೇಲೆ ಅವರು ಈಗ ಮನೆಮಂದಿಯೊಡನೆ ಕುಳಿತೇ ವಾರ್ತೆ ಕೇಳುತ್ತಾರೆ. ಸಾಕೆಟ್ಟಿನ ಕಾಲವನ್ನು ಸ್ವರ್ಣಯುಗವೆಂದು ವರ್ಣಿಸಲು ನಾವು ಹಿಂಜರಿಯುವುದು ಇದರಿಂದಲೇ.

೨೦೨೦ರಲ್ಲಿ ಪ್ರಕಟವಾದ ಬ್ಲೂಟೂತಿನ ಹೊಸ ಧ್ವನಿಪದ್ಧತಿಯು ವಿಳಂಬವನ್ನು ಇನ್ನಷ್ಟು ಕಡಿಮೆ ಮಾಡಲು ಅವಕಾಶ ಕೊಡುತ್ತದೆ. ೨೦೨೨ರಿಂದ ಆರಾಕಾಸ್ಟ್ ಎಂದು ಕರೆಯಲಾಗುತ್ತಿರುವ ಅದರ ಒಂದು ಶಾಖೆಯಲ್ಲಿ ಒಂದೇ ಯಂತ್ರದಿಂದ ಎಷ್ಟು ಜನ ಬೇಕಾದರೂ, ಶ್ರವಣಸಾಧನ ಧರಿಸಿದವರೂ ಸೇರಿ, ಏಕಕಾಲದಲ್ಲಿ ಕೇಳಬಹುದು. ಆದರೆ ಅದಕ್ಕೆ ಟೆಲಿವಿಷನ್ನೂ ಕಿವಿಯ ಸಾಧನವೂ ಎರಡೂ ಹೊಸ ಪದ್ಧತಿಯವಾಗಿರಬೇಕು. ಹಳೆಯ ಬ್ಲೂಟೂತ್ ಹೆಡ್‌ಫೋನು ಅದನ್ನು ಗ್ರಹಿಸಲಾರದು.